ಒಣಗಿಸಿದ ತಾವರೆ

ನಮ್ಮ ಮಾವ ಛತ್ರಿಯನ್ನು ಮಳೆ ಬಂದ ದಿನ ಮಾತ್ರವಲ್ಲ, ಬರಬಹುದಾಗಿದ್ದ ದಿನವೂ ಒಣಗಿಸುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿ ತಲೆ ನರೆಸಿಕೊಂಡವರು ಅವರು. ಈಗ ಅಂಗಡಿಯನ್ನು ನನ್ನ ಗಂಡನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದಾರೆ. ಅಂಗಡಿ ಬಿಟ್ಟರೂ ತೇವದ ಮೇಲಿನ ಹಗೆ ಬಿಟ್ಟಿಲ್ಲ. ಮೆಣಸಿನಕಾಯಿಯೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಬೀಜದ ಸದ್ದು ಕೇಳಿ, "ಇನ್ನೊಂದೆರಡ ಬಿಸಲ ಬೇಕು" ಎಂದು ತೀರ್ಪು ಕೊಡುತ್ತಾರೆ. ಹಪ್ಪಳ, ಸಂಡಿಗೆ, ಕರಿಬೇವು, ಇಬ್ಬನಿಗೆ ಮೆತ್ತಗಾದ ಪೇಪರು, ನನ್ನ ಕೈಜಾರಿ ಬಕೀಟಿಗೆ ಬಿದ್ದ ಮೊಬೈಲು, ಎಲ್ಲಕ್ಕೂ ಅವರಲ್ಲಿ ಒಂದೇ ಔಷಧವಿದೆ, ಮಾಳಿಗೆ. ಅದರ ಒಂದು ಮೂಲೆಯಲ್ಲಿ ಬೆಳಗಿನಿಂದ ಸಂಜೆಯವರೆಗೂ ಬಿಸಿಲು ಬೀಳುತ್ತದೆ. ಆ ಮೂಲೆ ಅವರದು. ಅಲ್ಲಿ ನಾವು ಒಂದು ಕರವಸ್ತ್ರ ಹಾಕಿದರೂ ಅದು ಪಕ್ಕಕ್ಕೆ ಸರಿದಿರುತ್ತದೆ.

ನಾನು ಹಾವೇರಿಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ದಿನ ತಲೆಸ್ನಾನ ಮಾಡಿ ಪಡಸಾಲೆಯಲ್ಲಿ ಕೂದಲು ಕೊಡವುತ್ತಿದ್ದೆ. ಮಾವ ಬಂದು ನೋಡಿ, ತೀರ ಕಾಳಜಿಯಿಂದ, "ಮಾಳಗಿ ಮ್ಯಾಲ ಹೋಗವಾ, ನನ್ನ ಮೂಲ್ಯಾಗ ಕುಂದ್ರು, ಲಗೂ ಒಣಗತಾವ" ಅಂದರು. ಮೆಣಸಿನಕಾಯಿಗಳ ಪಕ್ಕ ಕೂತು ಸೀನುತ್ತಾ ಒಣಗಿದೆ. ಆ ಮೂಲೆಯಲ್ಲಿ ಜಾಗ ಸಿಗುವುದು ಎಂಥ ಮರ್ಯಾದೆ ಎಂದು ಆಮೇಲೆ ತಿಳಿಯಿತು.

ಅತ್ತೆಯದು ಇದಕ್ಕೆ ಪೂರಾ ಉಲ್ಟಾ ಜಾತಕ. ಅವರು ರಾಣೆಬೆನ್ನೂರು ತಾಲ್ಲೂಕಿನವರು. ದೇವರಗುಡ್ಡದ ದಾರಿಯಲ್ಲಿ ಒಳಗೆ ಹೊರಳಿದರೆ ಸಿಗುವ ಹಳ್ಳಿ, ಹಳ್ಳಿಯ ಬೆನ್ನಿಗೇ ಕೆರೆ, ಕೆರೆ ತುಂಬ ತಾವರೆ. ಅವರ ತವರಿನಲ್ಲಿ ಹಬ್ಬದ ಊಟ ತಾವರೆ ಎಲೆಯ ಮೇಲೆ. ಬಿಸಿ ಅನ್ನ ಬಿದ್ದ ಕೂಡಲೇ ಎಲೆಯಿಂದ ಏಳುವ ವಾಸನೆಯನ್ನು ಅವರು ಎಷ್ಟು ಸಲ ಹೇಳಿದ್ದಾರೆಂದರೆ, ಉಣ್ಣದ ನನಗೂ ಅದು ಗೊತ್ತು. ಬ್ಯಾಡಗಿಗೆ ಬಂದ ಮೇಲೆ ಅವರ ಪಾಲಿಗೆ ಸಿಕ್ಕ ಕೆರೆಯೆಂದರೆ ಹಿತ್ತಲಲ್ಲಿ ಬಚ್ಚಲ ನೀರು ಹರಿದು ನಿಲ್ಲುವ ಜಾಗ. ಅಲ್ಲಿ ಕೆಸು, ಒಂದೆಲಗ, ಬಜೆ ಬೆಳೆಸಿದ್ದಾರೆ. ಬಜೆಯ ಬೇರು ಓಣಿಯ ಕೂಸುಗಳಿಗೆಲ್ಲ ಇಲ್ಲಿಂದಲೇ ಹೋಗುತ್ತದೆ. ತೇಯ್ದು ನೆಕ್ಕಿಸಿದರೆ ಮಾತು ಲಗೂ ಬರುತ್ತದೆಂದು ನಂಬಿಕೆ. ನಮ್ಮ ಓಣಿಯ ಮಕ್ಕಳ ಬಾಯಿ ನೋಡಿದರೆ ಅತ್ತೆ ಬಜೆಯನ್ನು ಸ್ವಲ್ಪ ಧಾರಾಳವಾಗಿಯೇ ಹಂಚಿದ್ದಾರೆ ಅನಿಸುತ್ತದೆ. ಮಾವ ಮಾತ್ರ ಹಿತ್ತಲ ಬಾಗಿಲಾಚೆ ಕಾಲಿಡುವವರಲ್ಲ. "ಅದು ನಿಮ್ಮತ್ತಿ ಸಂಸ್ಥಾನ, ಅಲ್ಲೆ ನನ್ನ ಚಪ್ಪಲಿಗೆ ಪರವಾನಗಿ ಇಲ್ಲ" ಎಂದು ಹೊಸ್ತಿಲಲ್ಲೇ ನಿಲ್ಲುತ್ತಾರೆ.

ಹಿಂದಿನ ವರ್ಷದ ಬೇಸಿಗೆಯಲ್ಲಿ ಅತ್ತೆಯ ತಮ್ಮನ ಫೋನು ಬಂತು. ನಾನು ಸ್ಪೀಕರ್ ಹಾಕಿ ಅವರ ಮುಂದೆ ಹಿಡಿದೆ.

"ಅಕ್ಕಾ, ಕೆರಿ ಹೂಳ ಎತ್ತಾಕ ಮಷೀನ ಬರಾಕತ್ತಾವ. ತಾವರಿ ಇನ್ನ ಉಳಿಯೂದಿಲ್ಲ."

ಅತ್ತೆ ಸೊಪ್ಪು ಸೋಸುವುದನ್ನು ನಿಲ್ಲಿಸಿದರು. "ಛಲೋ ಆತು ಬಿಡೋ. ಹೂಳ ತೆಗದ್ರ ನೀರ ನಿಲ್ಲತೈತಿ. ಬ್ಯಾಡ ಅನ್ನಾಕ ನಾ ಯಾರು?" ಅಂದರು. ಆಮೇಲೆ ದನಿ ತಗ್ಗಿಸಿ, "ಮಷೀನ ಬರೂದ್ರಾಗ ಒಂದೀಟು ಗಡ್ಡಿ ಕಿತ್ತ ಕಳಸ. ಏನಂತ ನಿನ್ನ ಮಾಮಾಗ ಹೇಳಬ್ಯಾಡ. ಉಡಿ ತುಂಬಿದಿ ಅಂತ ತಿಳಕೋತೇನಿ" ಅಂದರು. ತವರಿನ ಮನೆ ಪಾಲಾಗಿತ್ತು, ತಂದೆತಾಯಿ ಹೋಗಿ ಬಹಳ ವರ್ಷವಾಗಿತ್ತು. ಅಲ್ಲಿಂದ ಅವರು ಏನನ್ನೂ ಕೇಳಿದ್ದು ನಾನು ಕಂಡಿರಲಿಲ್ಲ.

ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಹಳೆಯದೊಂದು ಕಲ್ಲುಬಾನಿ ಇದೆ. ಎಮ್ಮೆ ಇದ್ದ ಕಾಲದಲ್ಲಿ ಎಮ್ಮೆ ನೀರು ಕುಡಿಯುತ್ತಿದ್ದದ್ದು, ಎಮ್ಮೆ ಹೋದ ಮೇಲೆ ಒಡೆದ ಬಕೀಟುಗಳ ವೃದ್ಧಾಶ್ರಮ. ಅತ್ತೆ ಅದನ್ನು ಖಾಲಿ ಮಾಡಿ, ನನ್ನ ಕೈಯಲ್ಲಿ ತಿಕ್ಕಿಸಿ, ಕರಿಮಣ್ಣು ತುಂಬಿಸಿದರು. ಎಲ್ಲವೂ ಗುಟ್ಟಾಗಿ. ಮಾವನಿಗೆ ಒಂದು ಮಾತು ಹೇಳೋಣ ಎಂದೆ.

"ಹೇಳಿದ್ರ ಬ್ಯಾಡ ಅಂತಾರ. ನಿಂತ ನೀರು, ಸೊಳ್ಳಿ, ಮನಿ ತುಂಬ ತ್ಯಾವ ಅಂತಾರ. ನೆಟ್ಟ ಮ್ಯಾಲ ಹೇಳೂಣು. ನೆಟ್ಟದ್ದನ್ನ ಕೀಳೂ ಮನಶ್ಯಾ ಅಲ್ಲ ಅವರು."

ಇಷ್ಟು ವರ್ಷ ಸಂಸಾರ ಮಾಡಿದವರ ಲೆಕ್ಕಾಚಾರ, ನಾನು ಯಾಕೆ ಬಾಯಿ ಹಾಕಲಿ ಎಂದು ಸುಮ್ಮನಾದೆ.

ಅದೇ ವಾರ ಹಾವೇರಿಯಲ್ಲಿ ನಮ್ಮಕ್ಕನ ಮಗಳ ಮದುವೆ. ನಾವೆಲ್ಲ ಹೊರಟೆವು. ಮಾವ ಮಾತ್ರ ಬರಲಿಲ್ಲ. ವರ್ಷದ ಖಾರಪುಡಿಯ ಕಾಯಿ ಮಾಳಿಗೆಯ ಮೇಲಿತ್ತು. "ಕಾಯಿ ಬಿಟ್ಟ ಹೆಂಗ ಬರ್ಲಿ?" ಎಂದು ಕೂಸು ಮಲಗಿಸಿದವರಂತೆ ಮಾತಾಡಿದರು. ನಾವು ಊರಲ್ಲಿಲ್ಲದ್ದು ತಿಳಿಯದೆ ಅತ್ತೆಯ ತಮ್ಮ ಆ ಹೊತ್ತಿಗೇ ಗಡ್ಡೆ ಕಿತ್ತು, ಹಸಿ ಗೋಣಿತಟ್ಟಿನಲ್ಲಿ ಸುತ್ತಿ, ಕಂಡಕ್ಟರನ ಕೈಗೆ ಕೊಟ್ಟು, ಮಾವನಿಗೆ ಫೋನು ಮಾಡಿದ್ದಾರೆ. ಅಕ್ಕ ಗುಟ್ಟು ಅಂದಿದ್ದಾಳಲ್ಲ, ಹಾಗಾಗಿ ಒಳಗೇನಿದೆ ಎಂದು ಹೇಳಿಲ್ಲ. "ಮಾಮಾ, ಅಕ್ಕಗ ಒಂದ ಗಂಟು ಬಸ್ಸಿಗೆ ಹಾಕೇನಿ, ಇಳಿಸಿಕೊಳ್ರಿ. ಏನ್ ಮಾಡಬೇಕು ಅಂತ ಆಕಿಗೆ ಗೊತ್ತೈತಿ" ಎಂದಷ್ಟೇ ಹೇಳಿದ್ದಾರೆ. ಅತ್ತೆಯ ಮೊಣಕಾಲು ನೋವಿಗೆ ಈ ತಮ್ಮ ಆಗಾಗ ಯಾವುದೋ ಬೇರು, ಯಾವುದೋ ತೊಗಟೆ ಕಳಿಸುವುದು ರೂಢಿ. ಮಾವ ಗಂಟು ಬಿಚ್ಚಿದ್ದಾರೆ. ಒಳಗೆ ಕೆಸರು ಮೆತ್ತಿದ ಗಡ್ಡೆಗಳು, ನೀರು ಸೋರುತ್ತಿವೆ. ಬ್ಯಾಡಗಿಯ ವ್ಯಾಪಾರಸ್ಥನ ಎದೆ ಎಷ್ಟು ಝಲ್ಲೆಂದಿರಬೇಕು, ನೀವೇ ಊಹಿಸಿ.

ನಾವು ತಿರುಗಿ ಬಂದಾಗ ಮಾವ ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಡಬ್ಬಿ, ಮುಖದಲ್ಲಿ ಬೆಳಕು. ಅತ್ತೆಗೆ ಚಪ್ಪಲಿ ಕಳಚಲೂ ಬಿಡಲಿಲ್ಲ.

"ನಿನ್ನ ತಮ್ಮಗ ಬುದ್ಧಿ ಐತೇನ? ಔಷಧದ ಗಡ್ಡಿ, ಹಸಿ ತಟ್ಟಿನ್ಯಾಗ ಸುತ್ತಿ ಕಳಸ್ಯಾನ. ಹಂಗ ಬಿಟ್ಟಿದ್ರ ಕೊಳತ ಹೋಗತಿತ್ತು. ಕೆಸರ ತೊಳದು, ತೆಳ್ಳಗ ಬಿಲ್ಲಿ ಹೆಚ್ಚಿ, ನನ್ನ ಮೂಲ್ಯಾಗ ಹಾಕಿ, ತಿರವಿ ತಿರವಿ ಒಣಗಿಸೇನಿ. ಕೇಳಿಲ್ಲೆ."

ಒಂದು ಬಿಲ್ಲೆ ತೆಗೆದು ತಾಟಿಗೆ ಎಸೆದರು. ಟಣ್ ಎಂದಿತು.

"ಕೇಳಿದೇನ? ತಾಟಿನ್ಯಾಗ ಒಗದ್ರ ಟಣ್ ಅನ್ನತೈತಿ! ಇನ್ನ ಹತ್ತ ವರ್ಷ ಇಟ್ರೂ ಕೆಡೂದಿಲ್ಲ."

ಚಕ್ಕುಲಿಯ ಅಚ್ಚಿನಂತೆ ತೂತು ತೂತಾದ ಬಿಲ್ಲೆಗಳು. ಮಾವ ತಮ್ಮ ಮೆಣಸಿನಕಾಯಿಯನ್ನು ಪಕ್ಕಕ್ಕೆ ಸರಿಸಿ ಅವಕ್ಕೆ ಜಾಗ ಮಾಡಿಕೊಟ್ಟಿದ್ದರಂತೆ. ಅತ್ತೆ ಒಂದನ್ನು ಎತ್ತಿಕೊಂಡರು, ಬೆಳಕಿಗೆ ಹಿಡಿದರು, ತೂತಿನೊಳಗಿಂದ ಮಾವನನ್ನು ನೋಡಿದರು. ಅದನ್ನು ಡಬ್ಬಿಯಲ್ಲಿಟ್ಟು, ನನ್ನ ಕಡೆ ತಿರುಗಿ, "ಅನ್ನಕ್ಕ ಇಡವಾ" ಎಂದು ಒಳಗೆ ಹೋದರು. ನನಗೆ ಮಾವನ ಮೇಲೆ ಸಿಟ್ಟು ಬಂತು, ಅವರ ಮುಖ ನೋಡಿ ಕನಿಕರವೂ ಬಂತು, ಇದರ ನಡುವೆ ನಗುವೂ ಬಂತು. ಮೂರನ್ನೂ ಅಡುಗೆಮನೆಗೆ ಒಯ್ದೆ.

ನಿಜ ಸಂಗತಿಯನ್ನು ಮಾವನಿಗೆ ಹೇಳಬೇಕಾದವಳು ನಾನೇ ಆದೆ.

"ತಾವರಿ ಅಂತ ಒಂದ ಮಾತು ಹೇಳಬಾರದಾಗಿತ್ತೇನವಾ?"

"ಹೇಳಿದ್ರ ನೀವು ಬ್ಯಾಡ ಅಂತಿದ್ರಿ, ಮಾವಾರ."

ಅವರು ಡಬ್ಬಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಅಂತಿದ್ದೆ" ಅಂದರು.

ತಮ್ಮನಿಗೆ ಫೋನು ಮಾಡಿದರೆ ಕೆರೆಯಲ್ಲಿ ತಾವರೆಯ ಸುಳಿವೂ ಉಳಿದಿರಲಿಲ್ಲ. ಬರೀ ಕರಿ ಮಣ್ಣು, ಅದನ್ನೂ ರೈತರು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು. ಅಂದಿನಿಂದ ಅತ್ತೆ ಮಾವನ ಸಂಗಡ ನೇರ ಮಾತು ಬಿಟ್ಟರು. ಜಗಳವಿಲ್ಲ, ಮುನಿಸಿನ ಮುಖವಿಲ್ಲ. ಹೇಳಬೇಕಾದ್ದೆಲ್ಲ ನನ್ನ ಮೂಲಕ. ಮಾವ ಎದುರಿಗೇ ಕೂತಿರುತ್ತಾರೆ, ಅತ್ತೆ, "ಅವರಿಗೆ ಇನ್ನೊಂದ ರೊಟ್ಟಿ ಬೇಕೇನ ಕೇಳವಾ" ಅನ್ನುತ್ತಾರೆ. ಮಾವ ನನಗೆ, "ಸಾಕಂತ ಹೇಳವಾ" ಅನ್ನುತ್ತಾರೆ. ನಾನು ಕತ್ತು ತಿರುಗಿಸಿ ತಿರುಗಿಸಿ ಹೇಳುತ್ತೇನೆ. ರೊಟ್ಟಿ ಆರುತ್ತದೆ.

ಕೆಲವು ದಿನ ನೋಡಿ ಮಾವ, "ರಾಣೆಬೆನ್ನೂರಿಗೆ ಹೋಗಿ ಬರೂಣು ನಡಿಯವಾ" ಅಂದರು. ಆ ಊರಲ್ಲಿ ಬೀಜದ ಅಂಗಡಿಗಳಿಗೆ ಬರವಿಲ್ಲ; ಸುತ್ತಲ ಜಿಲ್ಲೆಗಳೆಲ್ಲ ಅಲ್ಲಿಂದಲೇ ಬಿತ್ತುತ್ತವೆ. ಒಂದು ದೊಡ್ಡ ಅಂಗಡಿಗೆ ಹೊಕ್ಕೆವು. ಗೋಡೆ ತುಂಬ ಟೊಮೆಟೊ, ಹತ್ತಿ, ಗೋವಿನಜೋಳದ ಚಿತ್ರಗಳು.

"ತಾವರಿ ಬೀಜ ಅದಾವೇನ್ರಿ?"

ಅಂಗಡಿಯಾತ ಮುಖ ಎತ್ತದೆಯೇ, "ಎಷ್ಟ ಎಕರೆಕ್ಕ, ಅಜ್ಜಾರ?" ಅಂದ.

"ಒಂದ ಬಾನಿಗೆ."

ಆಗ ಮುಖ ಎತ್ತಿದ. ಹಿಂದಿನ ಸಾಲಿನ ರೈತರೂ ಎತ್ತಿದರು. ಮಾವ ಜೀವಮಾನದಲ್ಲಿ ಯಾವ ಅಂಗಡಿಯಿಂದಲೂ ಅಷ್ಟು ಸಣ್ಣಗಾಗಿ ಹೊರಬಂದಿರಲಿಕ್ಕಿಲ್ಲ. ಬರುವಾಗ ದಾರಿಯ ಹೊಂಡದಲ್ಲಿ ನೀರ ಮೇಲೆ ಹಸಿರಾಗಿ ತೇಲುತ್ತಿದ್ದದ್ದನ್ನು ಕಂಡು, ಆಟೋ ನಿಲ್ಲಿಸಿ, ಚೀಲ ತುಂಬ ತುಂಬಿಕೊಂಡರು. ನನಗೂ ಏನೆಂದು ತಿಳಿಯಲಿಲ್ಲ. ಅತ್ತೆ ಚೀಲದೊಳಗೆ ಇಣುಕಿ ಹೌಹಾರಿದರು. "ಅಂತರಗಂಗಿ! ಕೆರಿ ನುಂಗೂ ಕಳೇನ ಮನೀಗೆ ತಂದಾರ! ಅವರಿಗೆ ಹೇಳವಾ, ಇದನ್ನ ಬೇಕಾದ್ರ ಒಣಗಸ್ಲಿ." ಮಾವ ಚೀಲ ಎತ್ತಿಕೊಂಡು ಮಾಳಿಗೆಗೆ ಹೋದರು. ನಿಜಕ್ಕೂ ಒಣಗಿಸಿದರು.

ಇನ್ನು ಮುಗಿಯಿತು ಎಂದುಕೊಂಡಾಗ ಅತ್ತೆ ಒಂದು ಬೆಳಿಗ್ಗೆ, "ಆ ಡಬ್ಬಿ ನನ್ನ ಕಣ್ಣ ಮುಂದ ಬ್ಯಾಡ, ಹಿತ್ತಲಕ್ಕ ಚೆಲ್ಲವಾ" ಅಂದರು. ಡಬ್ಬಿ ಎತ್ತಿದೆ. ಈ ಮನೆಯ ಗಾಳಿ ನನಗೂ ತಾಗಿತ್ತೋ ಏನೋ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಬಿಲ್ಲೆಗಳ ಸದ್ದಿನ ನಡುವೆ ಗೋಲಿ ಉರುಳಿದಂಥ ಇನ್ನೊಂದು ಸದ್ದು. ಮೊರಕ್ಕೆ ಸುರುವಿದರೆ ತಳದಲ್ಲಿ ಕರ್ರಗಿನ, ಗಟ್ಟಿ ಬೀಜಗಳು.

"ಮಾವಾರ, ಇವು ಎಲ್ಲಿವ್ರಿ?"

"ಆ ಗಂಟಿನ್ಯಾಗ ಜರಡಿಯಂಥಾ ಕಾಯಿ ಒಂದಿತ್ತು. ಅದ್ರಾಗ ಇದ್ದುವು. ಬೀಜ ಚೆಲ್ಲಬಾರದು ಅಂತ ಒಣಗಿಸಿ ಇಟ್ಟೆ."

ಅತ್ತೆ ಬೀಜ ನೋಡಿ, "ಹಸೀ ಇದ್ದಾಗ ಸುಲಕೊಂಡ ತಿಂತಿದ್ವಿ. ಇದನ್ನ ಬಿತ್ತಿದವರನ್ನ ನಾ ಕಂಡಿಲ್ಲ. ಕಲ್ಲ ಬಿತ್ತಿದ್ರ ಬೆಳೀತೈತೇನ?" ಎಂದು ಒಳಗೆ ಹೋದರು. ನಾನು ಮೊಬೈಲಿನಲ್ಲಿ ಹುಡುಕಿದೆ. ತಾವರೆ ಬೀಜ ಎಷ್ಟು ಒಣಗಿದರೂ ಒಳಗೆ ಜೀವ ಹಿಡಿದುಕೊಂಡಿರುತ್ತದಂತೆ. ಸಿಪ್ಪೆ ಮಾತ್ರ ಬಲು ಗಟ್ಟಿ, ಒಂದು ತುದಿಯನ್ನು ಬಿಳಿ ಕಾಣುವವರೆಗೆ ತಿಕ್ಕಿ ನೀರಿಗೆ ಹಾಕಬೇಕಂತೆ. ಒಣಗಿದರೂ ಸಾಯುವುದಿಲ್ಲ ಎಂಬ ಮಾತು ಕೇಳಿ ಮಾವ ಕನ್ನಡಕ ಹಾಕಿಕೊಂಡರು. "ಇನ್ನೊಮ್ಮಿ ಹಚ್ಚು" ಎಂದು ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು.

ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ತಿಕ್ಕಿದರು. ತಿಕ್ಕಿದ ಬೀಜಗಳನ್ನು ಗಾಜಿನ ಲೋಟಗಳಲ್ಲಿ ನೀರು ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ದಿನಾ ನೀರು ಬದಲಿಸಿದರು. ಹುಟ್ಟಿದಾಗಿನಿಂದ ನೀರನ್ನು ಒರೆಸುತ್ತಾ ಬಂದ ಮನುಷ್ಯ ಹೀಗೆ ಲೋಟ ತುಂಬಿಸುತ್ತಾ ನಿಂತದ್ದು ಕಂಡು ನನ್ನ ಗಂಡ, "ಅಪ್ಪಗ ಆರಾಮ ಐತೋ ಇಲ್ಲೋ?" ಎಂದು ಕೇಳಿದರು. ಅತ್ತೆ ಆ ಕಿಟಕಿಯ ಕಡೆ ನೋಡುತ್ತಲೇ ಇರಲಿಲ್ಲ. ಆದರೆ ಕಿಟಕಿಯ ಪಕ್ಕದ ಉಪ್ಪಿನ ಭರಣಿ ಅವರಿಗೆ ದಿನಕ್ಕೆ ಇಪ್ಪತ್ತು ಸಲ ಬೇಕಾಗುತ್ತಿತ್ತು. ಆ ವಾರದ ಸಾರು ನೆನೆಸಿಕೊಂಡರೆ ಈಗಲೂ ನೀರಡಿಕೆಯಾಗುತ್ತದೆ.

ಬೀಜ ಉಬ್ಬಿದವು, ಬಿರಿದವು, ಹಸಿರು ಕೊಕ್ಕೊಂದು ಹೊರಬಂತು. ಮೊದಲು ಕಂಡವರು ಅತ್ತೆ. "ಏ ಯವ್ವಾ!" ಎಂದು ಕೂಗಿದವರು, ಮಾವನೂ ಓಡಿ ಬಂದದ್ದು ನೋಡಿ, "ಉಪ್ಪ ಎಲ್ಲೈತಿ?" ಅಂದರು.

ಮರುದಿನ ಮಾವ ಹೇಳದೆ ಕೇಳದೆ ಬೆಳಗಿನ ಬಸ್ಸು ಹತ್ತಿದರು. ಸಂಜೆ ಬಂದಾಗ ಭುಜದ ಮೇಲೆ ಗೋಣಿಚೀಲ, ಅಂಗಿಯ ಬೆನ್ನೆಲ್ಲ ಕರಿ ಕಲೆ. ಅತ್ತೆಯ ಊರಿಗೆ ಹೋಗಿ, ಕೆರೆಯ ತಳದಲ್ಲಿ ಉಳಿದಿದ್ದ ಹೂಳನ್ನು ತುಂಬಿಸಿಕೊಂಡು ಬಂದಿದ್ದರು. ಹಿತ್ತಲ ಬಾಗಿಲಿನಾಚೆ ಚಪ್ಪಲಿಯೊಂದಿಗೇ ಹೋಗಿ ಬಾನಿಯ ಪಕ್ಕ ಇಳಿಸಿದರು. "ನಿಮ್ಮತ್ತಿಗೆ ಹೇಳವಾ, ಹಸೀ ಇದ್ದಂಗ ತಂದೇನಿ. ಮುಟ್ಟಿಲ್ಲ."

ಅತ್ತೆ ಚೀಲದೊಳಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರು. ಆಮೇಲೆ ಬಹಳ ಹೊತ್ತು ನಮಗೆ ಬೆನ್ನು ಮಾಡಿ ಕೂತು ಆ ಮಣ್ಣನ್ನು ನಾದುತ್ತಿದ್ದರು. ನಾನು ಹತ್ತಿರ ಹೋಗಲಿಲ್ಲ.

ಅಂದು ರಾತ್ರಿಯ ಊಟಕ್ಕೆ ರೊಟ್ಟಿ ಬೇಕೇ ಎಂದು ಅತ್ತೆ ನೇರವಾಗಿಯೇ ಕೇಳಿದರು. ಗ್ಯಾಸು, ಹಾಲು, ಔಷಧ ಎಲ್ಲದರ ಮಾತೂ ಮೆಲ್ಲಗೆ ಹಳೆಯ ದಾರಿಗೆ ಬಂತು. ತಾವರೆಯ ವಿಷಯ ಬಂದರೆ ಮಾತ್ರ ಮತ್ತೆ ನಾನು ನಡುವೆ ಬೇಕು. ಅಷ್ಟು ಸಿಟ್ಟನ್ನು ಅವರು ಕೈಯಲ್ಲಿಟ್ಟುಕೊಂಡಿದ್ದರು.

ಮೊಳಕೆಗಳನ್ನು ನೆಟ್ಟ ಬಾನಿಯಲ್ಲಿ ಎಲೆಗಳೇನೋ ಬಂದವು. ಆದರೆ ಅವು ದೋಸೆಯಷ್ಟಾಗುವ ಬದಲು ಪೂರಿಯಷ್ಟಕ್ಕೇ ನಿಂತವು. ಮೊಗ್ಗಿನ ಮಾತೇ ಇಲ್ಲ. ಚಳಿಗಾಲಕ್ಕೆ ಅವೂ ಬಾಡಿದವು. "ಬೇವಿನ ನೆರಳು. ತಾವರಿಗೆ ಬಿಸಲ ಬೇಕು, ಇಲ್ಲೆಲ್ಲಿ ಬರಬೇಕು" ಎಂದು ಅತ್ತೆ ಯಾರಿಗೂ ಅಲ್ಲದ ಹಾಗೆ ಹೇಳಿದರು. ಅವರು ಆಸೆ ಕೈಬಿಟ್ಟದ್ದು ಆಗಲೇ. ಹಿತ್ತಲಿಗೆ ಹೋದರೂ ಬಾನಿಯ ಕಡೆ ತಿರುಗುತ್ತಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಬಿಸಿಲು ಬೇಕು ಎಂಬ ಮಾತು ಮಾವನ ಕಿವಿಗೆ ಬಿದ್ದಿತ್ತು. ಮೆಣಸಿನಕಾಯಿಯ ಸುಗ್ಗಿ ಜೋರಾಗಿದ್ದ ಕಾಲ. ಊರೆಲ್ಲ ಘಾಟು, ಎಲ್ಲರ ಮಾಳಿಗೆಯೂ ಕೆಂಪು. ಒಂದು ಮಧ್ಯಾಹ್ನ ನಾನು ಬಟ್ಟೆ ತೆಗೆಯಲು ಮೇಲೆ ಹೋದರೆ ಮಾವನ ಮೂಲೆ ಖಾಲಿ. ಕಾಯಿಯೆಲ್ಲ ನೆರಳು ಬೀಳುವ ಪಡುವಣ ಗೋಡೆಯ ಬದಿಗೆ ಸರಿದಿತ್ತು. ಮೂಲೆಯಲ್ಲಿ ದೊಡ್ಡದೊಂದು ಕಪ್ಪು ಪ್ಲಾಸ್ಟಿಕ್ ಟಬ್ಬು. ಮಾವ ಬಾನಿಯ ಮಣ್ಣನ್ನು, ಅದರೊಳಗಿನ ಬೆರಳುದ್ದದ ಗಡ್ಡೆಗಳ ಸಮೇತ, ಬುಟ್ಟಿ ಬುಟ್ಟಿಯಾಗಿ ಮೆಟ್ಟಿಲು ಹತ್ತಿಸಿ ಅದಕ್ಕೆ ಸುರಿಯುತ್ತಿದ್ದರು. ಮಾಳಿಗೆಯ ತುಂಬ ನೀರು ಚೆಲ್ಲಿತ್ತು. ಒರೆಸಿರಲಿಲ್ಲ.

"ಮಾವಾರ, ಮತ್ತ ಕಾಯಿ?"

"ಕಾಯಿ ಹೆಂಗರ ಒಣಗತಾವ ಬಿಡವಾ" ಅಂದರು. ಈ ಮಾತನ್ನು ಮಾರ್ಕೆಟ್ಟಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಎಲೆಗಳು ನೀರು ಬಿಟ್ಟು ಮೇಲೆದ್ದು ನಿಂತವು. ಅವುಗಳ ನಡುವೆ ಒಂದು ಮೊಗ್ಗು. ಅರಳಿದ ಬೆಳಿಗ್ಗೆ ಮೂವರೂ ಟಬ್ಬಿನ ಸುತ್ತ ನಿಂತಿದ್ದೆವು, ಮಾವ ಅತ್ತೆಯ ಪಕ್ಕದಲ್ಲೇ. ಅತ್ತೆ ನನಗೆ, "ಅವರಿಗೆ ಹೇಳವಾ, ಹೂ ಆಗೇತಿ" ಅಂದರು. ನಾನು, "ಮಾವಾರ, ಹೂ ಆಗೇತಂತ್ರಿ" ಅಂದೆ. ಮಾವ, "ಹೌದೇನ?" ಎಂದು ಬಹಳ ಆಶ್ಚರ್ಯಪಟ್ಟರು.

ಅದನ್ನು ಕಿತ್ತು ದೇವರಿಗೆ ಏರಿಸುತ್ತಾರೆಂದುಕೊಂಡಿದ್ದೆ. ಅತ್ತೆ ಕೈ ಹಚ್ಚಗೊಡಲಿಲ್ಲ. "ಇರ್ಲಿ. ದೇವ್ರು ಇಲ್ಲೇ ಬಂದ ನೋಡಕೊಂಡ ಹೋಗ್ಲಿ." ಮೊಣಕಾಲು ನೋವಿನ ಹೆಂಗಸು ದಿನಾ ಮೆಟ್ಟಿಲು ಹತ್ತಿ ಬಂದು ಅದರ ಮುಂದೆ ಕೂತರು. ದಳಗಳು ಉದುರಿದ ಮೇಲೂ ಕೂತರು. ನಡುವಿನ ಹಸಿರು ಕಾಯಿ ದಪ್ಪವಾಯಿತು, ಕಂದಿತು, ಕತ್ತು ಬಾಗಿಸಿತು.

ಅಂದು ಶ್ರಾವಣದ ಮೋಡ. ಮಾವ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು, ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಅತ್ತೆ ಮಾಳಿಗೆಯಿಂದ ಇಳಿದು ಬಂದರು, ಕೈಯಲ್ಲಿ ಆ ಕಾಯಿ. ನಾನು ಅಭ್ಯಾಸದಂತೆ ಮೊರ ಕೆಳಗಿಟ್ಟು ಮಾತು ದಾಟಿಸಲು ತಯಾರಾದೆ. ಅವರು ನನ್ನನ್ನು ದಾಟಿಕೊಂಡು ಹೋದರು.

"ರೀ" ಅಂದರು. "ಇದನ್ನ ಒಣಗಸ್ರಿ."

ಮಾವ ಪೇಪರು ಬಿಟ್ಟು ಎದ್ದು ನಿಂತರು. ಎರಡೂ ಕೈ ಧೋತರಕ್ಕೆ ಒರೆಸಿಕೊಂಡು ಕಾಯಿ ತೆಗೆದುಕೊಂಡರು. ಬಾಗಿಲಾಚೆಯ ಮೋಡ ನೋಡಿದರು, ಕಾಯಿ ನೋಡಿದರು.

"ಎಷ್ಟ ಒಣಗಸ್ಲಿ?"

"ನನ್ನ ಏನ್ ಕೇಳ್ತೀರಿ?" ಅಂದರು ಅತ್ತೆ. "ತಾಟಿನ್ಯಾಗ ಒಗದ್ರ ಟಣ್ ಅನ್ನಬೇಕು."